ನೀರಿನ ಲೆಕ್ಕ: ಹೊಸಪೇಟೆ–ಹಂಪಿ–ಕಂಪ್ಲಿ ಪರಿಸರದ ಜಲಕಾಮಗಾರಿಗಳಲ್ಲಿ ಅನ್ವಯಿಕ ಗಣಿತದ ಚರಿತ್ರೆ

ವಿಜಯನಗರ ಸಾಮ್ರಾಜ್ಯದ ಚರಿತ್ರೆಯನ್ನು ಯುದ್ಧಗಳ, ದೇವಾಲಯಗಳ ಹಾಗೂ ಸಾಹಿತ್ಯದ ಮೂಲಕ ನೋಡುವ ಪರಂಪರೆ ನಮ್ಮಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಆದರೆ ಆ ರಾಜಧಾನಿಯನ್ನು ಎರಡು ಶತಮಾನಗಳಿಗೂ ಹೆಚ್ಚು ಕಾಲ ಬದುಕಿಸಿದ್ದು ತುಂಗಭದ್ರೆಯ ನೀರು. ಆ ನೀರನ್ನು ಬಂಡೆಗಳ ನಡುವಿನಿಂದ ಗದ್ದೆಗಳಿಗೂ ಅರಮನೆಯ ಕೊಳಗಳಿಗೂ ತಂದದ್ದು ಅಳತೆ, ಇಳಿಜಾರು ಹಾಗೂ ಘನಫಲಗಳ ಲೆಕ್ಕ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪ್ರದೇಶಗಳಲ್ಲಿ ಈ ಲೆಕ್ಕ ಹೇಗೆ ನಡೆಯಿತು, ಅದನ್ನು ಬಲ್ಲವರು ಯಾರು, ಅದು ತಪ್ಪಿದಾಗ ಬೆಲೆ ತೆತ್ತವರು ಯಾರು ಎಂಬ ಪ್ರಶ್ನೆಗಳು ಪ್ರಸ್ತುತ ಲೇಖನದ ವಸ್ತುವಾಗಿವೆ.

1. ಗ್ರಂಥಸ್ಥ ಗಣಿತ ಮತ್ತು ಅಗೆತದ ಲೆಕ್ಕ

ಕನ್ನಡ ನಾಡಿನಲ್ಲಿ ಗಣಿತವು ಕೇವಲ ಜ್ಯೋತಿಷ್ಯದ ಅಂಗವಾಗಿ ಉಳಿದಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಲ್ಲಿ ಖಾತವ್ಯವಹಾರ, ಅಂದರೆ ಅಗೆತಕ್ಕೆ ಸಂಬಂಧಿಸಿದ ಲೆಕ್ಕಗಳಿಗೆ ಪ್ರತ್ಯೇಕ ಸ್ಥಾನವಿದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಕೃತಿಗಳ ಮೂಲಕ ಈ ಶಾಸ್ತ್ರವನ್ನು ಕನ್ನಡಕ್ಕೆ ತಂದನು. 'ವ್ಯವಹಾರ' ಎಂಬ ಶಬ್ದವೇ ಸೂಚಿಸುವಂತೆ ಇದು ಹೊಲ, ಮಾರುಕಟ್ಟೆ, ಕಾಮಗಾರಿಗಳಲ್ಲಿ ಬಳಕೆಗೆ ಬರುವ ಗಣಿತ.

ಮಹಾವೀರಾಚಾರ್ಯನ ಒಂದು ವಿಧಾನ ಇಲ್ಲಿ ಗಮನಾರ್ಹ. ಮೇಲ್ಭಾಗ ಅಗಲವಾಗಿ ತಳಭಾಗ ಕಿರಿದಾಗಿರುವ ಚೌಕಾಕಾರದ ಹೊಂಡದಿಂದ ತೆಗೆದ ಮಣ್ಣೆಷ್ಟು ಎಂಬುದನ್ನು ಕಂಡುಹಿಡಿಯಲು ಆತನು ಮೊದಲು ಎರಡು ಸ್ಥೂಲ ಫಲಗಳನ್ನು ಹೇಳುತ್ತಾನೆ. ಮೇಲಿನ ಮತ್ತು ಕೆಳಗಿನ ಬದಿಗಳ ಸರಾಸರಿಯನ್ನು ವರ್ಗಮಾಡಿ ಆಳದಿಂದ ಗುಣಿಸಿದರೆ 'ಕರ್ಮಾಂತಿಕ' ಫಲ. ಮೇಲಿನ ಮತ್ತು ಕೆಳಗಿನ ಕ್ಷೇತ್ರಫಲಗಳ ಸರಾಸರಿಯನ್ನು ಆಳದಿಂದ ಗುಣಿಸಿದರೆ 'ಔಂಡ್ರ' ಫಲ. ಇವೆರಡರ ಅಂತರದ ಮೂರನೆಯ ಒಂದು ಭಾಗವನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ 'ಸೂಕ್ಷ್ಮ' ಫಲ ದೊರೆಯುತ್ತದೆ. ಉದಾಹರಣೆಗೆ, ಮೇಲಿನ ಬದಿ 10 ಮೊಳ, ಕೆಳಗಿನ ಬದಿ 4 ಮೊಳ, ಆಳ 3 ಮೊಳ ಇರುವ ಹೊಂಡದ ಕರ್ಮಾಂತಿಕ ಫಲ 147 ಘನ ಮೊಳ, ಔಂಡ್ರ ಫಲ 174 ಘನ ಮೊಳ, ಸೂಕ್ಷ್ಮ ಫಲ 156 ಘನ ಮೊಳ. ಈ ಸೂಕ್ಷ್ಮ ಫಲವು ಇಂದಿನ ರೇಖಾಗಣಿತ ನೀಡುವ ಉತ್ತರವೇ ಆಗಿದೆ. ಅಗೆತದ ಅಳತೆಗೆ ತಕ್ಕಂತೆ ಕೂಲಿ ನಿಗದಿಯಾಗುವ ಕಡೆ 147ಕ್ಕೂ 156ಕ್ಕೂ ಇರುವ ಅಂತರ ಪಂಡಿತರ ಚರ್ಚೆಯ ವಿಷಯ ಮಾತ್ರವಾಗಿರದೆ ಅಗೆದವನ ಅನ್ನದ ವಿಷಯವೂ ಆಗುತ್ತದೆ.

2. ಶಾಸನದಲ್ಲಿ ಜಲಶಾಸ್ತ್ರ

ವಿಜಯನಗರದ ಆರಂಭಕಾಲದಲ್ಲಿ ಜಲಕಾಮಗಾರಿಯ ಜ್ಞಾನ ಯಾವ ಹಂತದಲ್ಲಿತ್ತು ಎಂಬುದಕ್ಕೆ ಕಡಪ ಜಿಲ್ಲೆಯ ಪೊರುಮಾಮಿಳ್ಳದ 1369ರ ಶಾಸನ ಅತ್ಯುತ್ತಮ ಸಾಕ್ಷ್ಯ. ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯನ್ನು ಕುರಿತ ಈ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಪಟ್ಟಿಮಾಡುತ್ತದೆ. ಪಾಥಶ್ಶಾಸ್ತ್ರವನ್ನು, ಅಂದರೆ ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ, ಗಟ್ಟಿ ಜೇಡಿಯ ನೆಲ, ದೂರದಿಂದ ಸಿಹಿನೀರು ತರುವ ಹೊಳೆ, ಅದಕ್ಕೆ ತಾಗಿಕೊಂಡ ಬೆಟ್ಟ, ಬೆಟ್ಟದ ಭಾಗಗಳ ನಡುವೆ ಅತಿ ಉದ್ದವಲ್ಲದ ಗಟ್ಟಿಯಾದ ಕಲ್ಲಿನ ಕಟ್ಟೆ, ಕಟ್ಟುವ ಕುಶಲತೆಯುಳ್ಳ ಜನರ ತಂಡ ಇವು ಸಾಧನಗಳಲ್ಲಿ ಕೆಲವು. ಕಟ್ಟೆಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯಂಗಳದ ನಡುವೆ ದಿಬ್ಬವಿರುವುದು, ನೀರು ಕಡಿಮೆಯಾಗಿ ಭೂಮಿ ಹೆಚ್ಚಿರುವುದು, ಭೂಮಿ ಕಡಿಮೆಯಾಗಿ ನೀರು ಹೆಚ್ಚಿರುವುದು ಇವೇ ಆರು ದೋಷಗಳು. ಸಾವಿರ ಜನ ಕೂಲಿಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದರೆಂದು ಅದೇ ಶಾಸನ ದಾಖಲಿಸಿದೆ.

ಕೊನೆಯ ಎರಡು ದೋಷಗಳು ಶುದ್ಧ ಗಣಿತದ ಮಾತುಗಳು. ಸಂಗ್ರಹವಾಗುವ ನೀರಿಗೂ ಅಚ್ಚುಕಟ್ಟಿನ ವಿಸ್ತಾರಕ್ಕೂ ಒಂದು ಅನುಪಾತವಿರಬೇಕೆಂಬ ತಿಳಿವು ಅಲ್ಲಿ ಸ್ಪಷ್ಟವಾಗಿದೆ. ಎರಡು ರಾಜ್ಯಗಳ ಗಡಿಯ ಕೆರೆ ದೋಷಯುಕ್ತವೆಂಬ ಮಾತಂತೂ ಆರು ಶತಮಾನಗಳ ಅನಂತರ ತುಂಗಭದ್ರೆಯ ವಿಷಯದಲ್ಲಿ ಮತ್ತೆ ಅರ್ಥ ಪಡೆಯಿತು.

3. ಅಣೆಕಟ್ಟು ಮತ್ತು ಕಾಲುವೆ

ಹೊಸಪೇಟೆಯಿಂದ ಕಂಪ್ಲಿಯವರೆಗೆ ನದಿಯ ಬಲದಂಡೆಯಲ್ಲಿ ರಾಯ, ಬಸವಣ್ಣ, ತುರ್ತು, ರಾಮಸಾಗರ, ಕಂಪ್ಲಿ ಮೊದಲಾದ ಕಾಲುವೆಗಳೂ ಎಡದಂಡೆಯಲ್ಲಿ ಆನೆಗೊಂದಿ, ಗಂಗಾವತಿ ಮೊದಲಾದ ಕಾಲುವೆಗಳೂ ಇಂದಿಗೂ ಹರಿಯುತ್ತಿವೆ. ಬಸವಣ್ಣ ಕಾಲುವೆಯ ನಿರ್ಮಾಣವನ್ನು ಕೃಷ್ಣದೇವರಾಯನ ಆಳ್ವಿಕೆಯ 1521ಕ್ಕೆ ಸೇರಿಸಲಾಗಿದೆ. ಇವುಗಳಿಗೆ ನೀರು ತಿರುಗಿಸಿದ ಹಳೆಯ ಅಣೆಗಳು ನದಿಗೆ ಅಡ್ಡಲಾಗಿ ನೇರ ಗೆರೆಯಲ್ಲಿ ನಿಂತಿರಲಿಲ್ಲ. ಪಾತ್ರದಲ್ಲಿದ್ದ ಬಂಡೆಗಳನ್ನೂ ನಡುಗಡ್ಡೆಗಳನ್ನೂ ಒಂದಕ್ಕೊಂದು ಜೋಡಿಸಿ ದೊಡ್ಡ ಕಲ್ಲುಗಳಿಂದ ಓರೆಯಾಗಿ, ಅಂಕುಡೊಂಕಾಗಿ ಕಟ್ಟಿದವು ಅವು. ಓರೆಯ ಅಣೆಯ ಉದ್ದ ಹೆಚ್ಚು. ಆದುದರಿಂದ ಪ್ರವಾಹದ ನೀರು ಹೆಚ್ಚು ಅಗಲದಲ್ಲಿ, ಕಡಿಮೆ ದಪ್ಪದಲ್ಲಿ ಮೇಲಿಂದ ಹರಿದುಹೋಗುತ್ತದೆ.

ಕಾಲುವೆಯ ಇಳಿಜಾರು ಇದಕ್ಕಿಂತ ಸೂಕ್ಷ್ಮವಾದ ಸಮಸ್ಯೆ. ಇಳಿಜಾರು ಹೆಚ್ಚಾದರೆ ದಂಡೆ ಕೊರೆಯುತ್ತದೆ, ಮೇಲಿನ ಭೂಮಿಗೆ ನೀರು ಏರುವುದಿಲ್ಲ. ಕಡಿಮೆಯಾದರೆ ಹೂಳು ತುಂಬುತ್ತದೆ. ಹೂಳು ಕೂರದ, ದಂಡೆ ಕೊರೆಯದ ವೇಗವನ್ನು ಪಂಜಾಬಿನ ಕಾಲುವೆಗಳ ಅಳತೆಯಿಂದ ಕೆನೆಡಿ ಎಂಬ ಎಂಜಿನಿಯರ್ ಸೂತ್ರರೂಪಕ್ಕೆ ತಂದದ್ದು 1895ರಲ್ಲಿ. ಅದಕ್ಕೂ ಮುನ್ನ ಶತಮಾನಗಳಿಂದ ತುರ್ತು ಕಾಲುವೆಯು ಹಂಪಿಯ ಬಂಡೆಗುಡ್ಡಗಳ ಅಂಚನ್ನು ಅನುಸರಿಸಿ ಕಣಿವೆಯ ಗದ್ದೆ, ಬಾಳೆತೋಟಗಳಿಗೆ ನೀರುಣಿಸುತ್ತಿತ್ತು. ಸೂತ್ರವಿಲ್ಲದಿದ್ದರೂ ಜ್ಞಾನವಿತ್ತು ಎಂಬುದಕ್ಕೆ ಹರಿಯುತ್ತಿರುವ ಕಾಲುವೆಯೇ ಪ್ರಮಾಣ. ಹಂಪಿಯ ಅರಮನೆ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ದೊರೆತ ಮೆಟ್ಟಿಲುಗಳ ಪುಷ್ಕರಣಿ ಮತ್ತೊಂದು ಸಾಕ್ಷ್ಯ. ಅದರ ಕಲ್ಲುಗಳ ಮೇಲೆ ದಿಕ್ಕು, ಸಾಲು, ಸ್ಥಾನಗಳನ್ನು ಸೂಚಿಸುವ ಗುರುತುಗಳಿವೆ. ಪ್ರತಿಯೊಂದು ಕಲ್ಲನ್ನೂ ಮೊದಲೇ ಅಳೆದು, ಕಡೆದು, ಅನಂತರ ಅದರ ಜಾಗದಲ್ಲಿ ಕೂರಿಸಲಾಗಿದೆ.

4. ನಾಗಲಾಪುರದ ಕೆರೆ: ಎರಡು ವರದಿಗಳು

ಇಂದಿನ ಹೊಸಪೇಟೆಯಾದ ನಾಗಲಾಪುರದ ಬಳಿ, ಸಂಡೂರು ಕಣಿವೆಯತ್ತ ಬೆಟ್ಟಗಳ ನಡುವೆ ಕೃಷ್ಣದೇವರಾಯನು ಕಟ್ಟಿಸಿದ ದೊಡ್ಡ ಕೆರೆಯ ವಿಚಾರದಲ್ಲಿ ಪೋರ್ಚುಗೀಸ್ ಬರಹಗಳು ಮುಖ್ಯ ಆಕರಗಳಾಗಿವೆ. 1520ರ ಸುಮಾರಿನಲ್ಲಿ ಬಂದಿದ್ದ ಡೊಮಿಂಗೊ ಪಾಯಸ್ ಕೆರೆಯ ಕೆಲಸದಲ್ಲಿ 15ರಿಂದ 20 ಸಾವಿರ ಜನರಿದ್ದುದನ್ನು ಕಂಡುದಾಗಿ ಬರೆದಿದ್ದಾನೆ. 1535ರ ಸುಮಾರಿನ ನೂನಿಜ್, ಜೊವಾವೊ ದೆಲ್ಲ ಪೊಂತೆ ಎಂಬ ಪೋರ್ಚುಗೀಸ್ ಕಲ್ಲುಕೆಲಸಗಾರನ ನೆರವಿನಿಂದ ಅದು ಪೂರ್ಣಗೊಂಡಿತೆಂದು ಹೇಳುತ್ತಾನೆ. ಆ ಕೆಲಸಗಾರನು ಸುಣ್ಣ ಕೇಳಿದಾಗ, ಸುಣ್ಣದ ಬಳಕೆಯನ್ನರಿಯದ ನಾಡಿನ ಅರಸನು ನಕ್ಕನೆಂದೂ ಆತ ಸೇರಿಸುತ್ತಾನೆ.

ಈ ಕೊನೆಯ ಮಾತನ್ನು ಹಾಗೆಯೇ ಒಪ್ಪಲಾಗದು. ಹಂಪಿಯ ಗೋಪುರಗಳ ಇಟ್ಟಿಗೆ–ಗಾರೆಯ ಕೆಲಸ, ಅರಮನೆಯ ಆವರಣದ ಗಾರೆ ಬಳಿದ ಕಟ್ಟಡಗಳು ಸುಣ್ಣದ ಪರಿಚಯಕ್ಕೆ ಕಣ್ಣೆದುರಿನ ಆಧಾರಗಳು. ಪೊರುಮಾಮಿಳ್ಳದ ಶಾಸನವು ಈ ಕೆರೆಗಿಂತ ಸುಮಾರು 150 ವರ್ಷ ಹಿಂದಿನದು. ಹೀಗಿರುವಾಗ ವಿದೇಶಿ ಕುಶಲಕರ್ಮಿಯ ನೆರವನ್ನು ನಿರಾಕರಿಸಬೇಕಾಗಿಲ್ಲ. ಆದರೆ ಜ್ಞಾನವೆಲ್ಲ ಹೊರಗಿನಿಂದ ಬಂದಿತೆಂಬ ತೀರ್ಮಾನಕ್ಕೂ ಎಡೆಯಿಲ್ಲ. ಸಿ.ಟಿ.ಎಂ. ಕೊಟ್ರಯ್ಯನವರು ವಿಜಯನಗರದ ನೀರಾವರಿಯನ್ನು ಕುರಿತು ನಡೆಸಿದ ಅಧ್ಯಯನ, ಕ್ಯಾಥ್ಲೀನ್ ಮಾರಿಸನ್ ಅವರ ಕೃಷಿ ಪುರಾತತ್ತ್ವದ ಸಂಶೋಧನೆ, ಡೊಮಿನಿಕ್ ಡೇವಿಸನ್–ಜೆಂಕಿನ್ಸ್ ಅವರ ನೀರು ಪೂರೈಕೆಯ ಸಮೀಕ್ಷೆ ಇವೆಲ್ಲ 1990ರ ದಶಕದಲ್ಲಿ ಪ್ರಕಟವಾಗಿ, ಈ ವ್ಯವಸ್ಥೆಯನ್ನು ಸ್ಥಳೀಯ ಭೂಲಕ್ಷಣದ ಹಿನ್ನೆಲೆಯಲ್ಲಿ ಅರಿಯಲು ದಾರಿ ತೆರೆದವು.

ಎರಡೂ ವರದಿಗಳು ಒಪ್ಪುವ ಸಂಗತಿಯೊಂದಿದೆ. ಕಟ್ಟೆ ಮತ್ತೆ ಮತ್ತೆ ಕುಸಿಯಿತು. ಆಗ ನರಬಲಿ ನಡೆಯಿತು. ಅರವತ್ತು ಜನರೊಂದಿಗೆ ಕುದುರೆ, ಕೋಣಗಳನ್ನೂ ಬಲಿ ಕೊಡಲಾಯಿತೆಂದು ಪಾಯಸ್ ಹೇಳಿದರೆ, ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳ ತಲೆ ಕಡಿಸಲಾಯಿತೆಂದು ನೂನಿಜ್ ಬರೆಯುತ್ತಾನೆ. ವಿವರಗಳಲ್ಲಿ ಭೇದವಿದ್ದರೂ, ಒತ್ತಡದ ಲೆಕ್ಕ ಕೈಕೊಟ್ಟಾಗ ಅದರ ಹೊಣೆ ಅತ್ಯಂತ ದುರ್ಬಲರ ಕೊರಳಿಗೆ ಬಿದ್ದಿತೆಂಬುದು ಎರಡರಿಂದಲೂ ತಿಳಿಯುತ್ತದೆ. ಕೆರೆ ನಿಂತ ಮೇಲೆ ಅದರ ಕೆಳಗಿನ ಭೂಮಿಯನ್ನು ಒಂಬತ್ತು ವರ್ಷ ತೆರಿಗೆಯಿಲ್ಲದೆ ಬಿಟ್ಟುಕೊಡಲಾಯಿತೆಂದೂ, ಮುಂದೆ ಅದರ ಆದಾಯ 20,000 ಪರ್ದಾವುಗಳಿಗೆ ಏರಿತೆಂದೂ ನೂನಿಜ್ ತಿಳಿಸುತ್ತಾನೆ. ಆದಾಯದ ಅಂಕಿ ದಾಖಲೆಯಲ್ಲಿ ಉಳಿಯಿತು. ಸತ್ತವರ ಹೆಸರು ಉಳಿಯಲಿಲ್ಲ.

5. ತುಂಗಭದ್ರಾ ಜಲಾಶಯ

ತುಂಗಭದ್ರೆಗೆ ದೊಡ್ಡ ಜಲಾಶಯವೊಂದನ್ನು ಕಟ್ಟುವ ವಿಚಾರವನ್ನು 1860ರಲ್ಲಿ ಸರ್ ಆರ್ಥರ್ ಕಾಟನ್ ಮುಂದಿಟ್ಟನು. 1876–78ರ ಮಹಾಕ್ಷಾಮ ಬಳ್ಳಾರಿ ಸೀಮೆಯನ್ನು ನುಂಗಿದ ಮೇಲೂ ಯೋಜನೆ ಕಾಗದದಲ್ಲಿಯೇ ಉಳಿಯಿತು. ನದಿಯ ಒಂದು ದಂಡೆ ಮದರಾಸು ಪ್ರಾಂತ್ಯಕ್ಕೂ ಇನ್ನೊಂದು ಹೈದರಾಬಾದ್ ಸಂಸ್ಥಾನಕ್ಕೂ ಸೇರಿದ್ದುದು ಇದಕ್ಕೆ ಮುಖ್ಯ ಕಾರಣ. ಪೊರುಮಾಮಿಳ್ಳದ ಶಾಸನ ಹೇಳಿದ ಗಡಿಯ ದೋಷವೇ ಇದು. 1944ರ ಒಪ್ಪಂದದಲ್ಲಿ ತಲಾ 65 ಟಿ.ಎಂ.ಸಿ. ನೀರಿನ ಲೆಕ್ಕಕ್ಕೆ ಉಭಯರೂ ಒಪ್ಪಿದರು. 28 ಫೆಬ್ರವರಿ 1945ರಂದು ಶಂಕುಸ್ಥಾಪನೆ ನಡೆಯಿತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಹೊಸಪೇಟೆ, ಸಂಡೂರು ಸೇರಿದಂತೆ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು.

ಸುಮಾರು 49 ಮೀಟರ್ ಎತ್ತರದ, 33 ಕ್ರೆಸ್ಟ್ ಗೇಟುಗಳ ಈ ಅಣೆಕಟ್ಟನ್ನು ಸಿಮೆಂಟಿಗೆ ಬದಲು ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲಿ ಕಲ್ಲಿನಿಂದ ಕಟ್ಟಲಾಯಿತು. ಸುಣ್ಣವನ್ನರಿಯದ ನಾಡೆಂದು ನೂನಿಜ್ ಬರೆದ ಸ್ಥಳದ ಸಮೀಪದಲ್ಲಿಯೇ ಇಪ್ಪತ್ತನೆಯ ಶತಮಾನದ ಎಂಜಿನಿಯರುಗಳು ಸುಣ್ಣವನ್ನು ನಂಬಿದರು. ಹಳೆಯ ರಾಯ ಮತ್ತು ಬಸವಣ್ಣ ಕಾಲುವೆಗಳು ಅಂದಿನಿಂದ ಜಲಾಶಯದಿಂದಲೇ ನೀರು ಪಡೆಯುತ್ತಿವೆ. ಲಾಭದ ಪುಟದ ಎದುರು ನಷ್ಟದ ಪುಟವೂ ಇದೆ: ಸುಮಾರು 90 ಗ್ರಾಮಗಳು ಮುಳುಗಿ 50 ಸಾವಿರಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ನಾರಾಯಣದೇವರ ಕೆರೆಯ ಜನ ಮರಿಯಮ್ಮನಹಳ್ಳಿಯಲ್ಲಿ ಹೊಸ ಬದುಕು ಕಟ್ಟಿಕೊಂಡರು.

ಜಲಾಶಯದ ಇಂದಿನ ದೊಡ್ಡ ಲೆಕ್ಕ ಹೂಳಿನದು. ಆರಂಭದಲ್ಲಿ 132.47 ಟಿ.ಎಂ.ಸಿ. ಇದ್ದ ಸಂಗ್ರಹಣಾ ಸಾಮರ್ಥ್ಯ 2016ರ ಸಮೀಕ್ಷೆಯಂತೆ 105.788 ಟಿ.ಎಂ.ಸಿ.ಗೆ ಇಳಿದಿದೆ. ಅಂದರೆ ಸುಮಾರು 26.7 ಟಿ.ಎಂ.ಸಿ. ನೀರಿನ ಜಾಗವನ್ನು ಮಣ್ಣು ಆಕ್ರಮಿಸಿದೆ. 2008ರ ಸಮೀಕ್ಷೆಯ ಅಂಕಿ 100.855 ಟಿ.ಎಂ.ಸಿ. ಆಗಿತ್ತು. ಎಂಟು ವರ್ಷಗಳಲ್ಲಿ ಹೂಳು ತಾನಾಗಿಯೇ ಕಡಿಮೆಯಾಗುವುದಿಲ್ಲವಾದುದರಿಂದ, ಈ ಐದು ಟಿ.ಎಂ.ಸಿ.ಯ ಅಂತರವನ್ನು ನೀರಿನ ಹೆಚ್ಚಳವೆಂದು ಓದದೆ ಅಳತೆಯ ವಿಧಾನದ ಪ್ರಶ್ನೆಯಾಗಿ ಓದಬೇಕಾಗುತ್ತದೆ. ಕರ್ಮಾಂತಿಕ, ಔಂಡ್ರ ಫಲಗಳ ನಡುವಿನ ಭೇದವನ್ನು ಇದು ನೆನಪಿಗೆ ತರುತ್ತದೆ. ಅಂದು ಒಬ್ಬ ಕೂಲಿಗಾರನ ಪಾಲು ಈ ಭೇದವನ್ನು ಅವಲಂಬಿಸಿತ್ತು. ಇಂದು ಕಾಲುವೆಯ ಕೊನೆಯ ಭಾಗದ ರೈತನ ಎರಡನೆಯ ಬೆಳೆ ಅವಲಂಬಿಸಿದೆ. 10 ಆಗಸ್ಟ್ 2024ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನು ಇಳಿಸಿದ ಕಾರ್ಮಿಕರು ನೀರಿನ ಒತ್ತಡದ ಗಣಿತವನ್ನು ಜೀವ ಪಣಕ್ಕಿಟ್ಟು ಎದುರಿಸಿದರು.

6. ಸಮಾರೋಪ

ಈ ಪ್ರದೇಶದ ಜಲಚರಿತ್ರೆಯಲ್ಲಿ ಅನ್ವಯಿಕ ಗಣಿತವು ಗ್ರಂಥದಲ್ಲಿ, ಶಾಸನದಲ್ಲಿ, ಕಲ್ಲುಕುಟಿಕರ ಹಾಗೂ ಮಣ್ಣುಕೆಲಸದವರ ಕೈಯಲ್ಲಿ ಎಂಬ ಮೂರು ನೆಲೆಗಳಲ್ಲಿ ಉಳಿದುಬಂದಿದೆ. ಮೊದಲೆರಡು ನೆಲೆಗಳ ಅಧ್ಯಯನ ತಕ್ಕಮಟ್ಟಿಗೆ ನಡೆದಿದೆ. ಮೂರನೆಯದು ಬಹುಪಾಲು ಹಾಗೆಯೇ ಇದೆ. ಕೆರೆ ಕಟ್ಟಿದವರಿಗೂ ಕಾಯ್ದವರಿಗೂ ಭೂಮಿ ಬಿಟ್ಟ ಕಟ್ಟುಕೊಡಗೆ, ದಶವಂದ, ಬಿತ್ತುವಟ್ಟಗಳ ಶಾಸನಗಳನ್ನು ಕೂಲಿ ಮತ್ತು ಅಳತೆಯ ದೃಷ್ಟಿಯಿಂದ ಮತ್ತೆ ಓದುವುದು, ಕಾಲುವೆಗಳ ನವೀಕರಣದಲ್ಲಿ ಮರೆಯಾಗುವ ಹಳೆಯ ಕಲ್ಲುಕಟ್ಟಡಗಳನ್ನು ಅದಕ್ಕೆ ಮೊದಲೇ ಅಳೆದು ದಾಖಲಿಸುವುದು, ಕಂಪ್ಲಿ–ಆನೆಗೊಂದಿಗಳಲ್ಲಿ ನೀರು ಹಂಚಿದ ನೀರುಗಂಟಿಗಳ ತಿಳಿವಳಿಕೆಯನ್ನು ಸಂಗ್ರಹಿಸುವುದು ತುರ್ತಾಗಿ ಆಗಬೇಕಾದ ಕಾರ್ಯಗಳು. ಸಾಮ್ರಾಜ್ಯ 1565ರಲ್ಲಿ ಕುಸಿದರೂ ಅದರ ಕಾಲುವೆಗಳು ನಿಲ್ಲಲಿಲ್ಲ. ಅರಸರು ಹೋದ ಮೇಲೂ ವರ್ಷ ವರ್ಷ ಹೂಳು ತೆಗೆದು, ತೂಬು ನೋಡಿಕೊಂಡು, ಸರದಿಯ ಲೆಕ್ಕ ತಪ್ಪದಂತೆ ಕಾಯ್ದ ಜನರಿದ್ದರು ಎಂಬುದೇ ಅದಕ್ಕೆ ಕಾರಣ.