ಕತ್ತಿ ಬಿಟ್ಟು ಸೌಟು ಹಿಡದಾಂವ

ಅಕ್ಕಾರ, ವೈನಿಯವರ, ಮಗಳ ಕೈಯಾಗಿನ ಜಪಾನೀ ಚಿತ್ರಕತಿ ಪುಸ್ತಕ ನೋಡಿ ಮೊದಲು ಹೆದರಿದೆ, ಆಮ್ಯಾಲೆ ಹೊಟ್ಟಿ ಹಿಡಕೊಂಡು ನಕ್ಕೆ. ಮುಖದ ಮ್ಯಾಲೆ ಗಾಯದ ಗುರುತು, ಕರಿ ಕನ್ನಡಕ, ಕರಿ ಸೂಟು, ಅದರ ಮ್ಯಾಲೆ ನಾಯಿ ಚಿತ್ರದ ಏಪ್ರನ್! ಕೊಸುಕೆ ಓನೋ 2018ರಿಂದ ಬರೀಲಿಕ್ಕೆ ಹತ್ತಿದ 'ಗೊಕುಶುಫುದೋ' ಅದು. ತಾತ್ಸು ಅನ್ನಾಂವ ಒಂದು ಕಾಲಕ್ಕ ಊರು ನಡುಗಿಸಿದ ಯಾಕುಜಾ, ಅಂದ್ರ ಗ್ಯಾಂಗಿನಾಂವ. ಈಗ ಹೆಂಡತಿ ಮಿಕು ನೌಕರಿಗೆ ಹೋಗ್ತಾಳ, ಇಂವ ಬುತ್ತಿ ಕಟ್ಟತಾನ, ಅರಿವಿ ಒಗೀತಾನ, ಸೋವಿ ಮಾಲು ತರಲಿಕ್ಕೆ ಯುದ್ಧಕ್ಕ ಹೋದಂಗ ಹೋಗ್ತಾನ.

ನಗಿ ಹಿಂದ ಇತಿಹಾಸ ಅದ. ಯಾಕುಜಾ ಅನ್ನೋ ಹೆಸರು ಬಂದದ್ದು ಇಸ್ಪೀಟಿನಿಂದ. 8, 9, 3 ಎಲಿ ಬಂದ್ರ ಮೊತ್ತ 20. ಆ ಆಟದಾಗ ಕಡೀ ಅಂಕಿ ಅಷ್ಟ ಲೆಕ್ಕ, ಅಂದ್ರ ಸೊನ್ನಿ. ಕೆಲಸಕ್ಕ ಬಾರದ ಎಲಿ! 1963ರಾಗ ಇಂಥವರು ಸುಮಾರು 1,84,000 ಮಂದಿ ಇದ್ರು. 1992ರಾಗ ಇವರನ್ನ ಹತೋಟಿಗೆ ತರೋ ಕಾಯದೆ ಜಾರಿಗೆ ಬಂತು. 2011ರ ಹೊತ್ತಿಗೆ ಎಲ್ಲಾ ಪ್ರಾಂತಗಳೂ ಇವರ ಜೋಡಿ ವ್ಯವಹಾರ ಮಾಡಬಾರದಂತ ನಿಯಮ ಮಾಡಿದ್ವು. ಗ್ಯಾಂಗು ಬಿಟ್ಟು ಬಂದ್ರೂ ಸಾಮಾನ್ಯವಾಗಿ 5 ವರ್ಷ ಬ್ಯಾಂಕಿನ ಖಾತಿ, ಬಾಡಿಗಿ ಮನಿ ಸಿಗೂದು ಕಷ್ಟ. ತಿದ್ದಿಕೊಂಡಾಂವಗೂ ಬಾಗಲಾ ಮುಚ್ಚಿದಂಗ. ಕತಿಯೊಳಗ ತಾತ್ಸುಗ ತೆರೆದ ಬಾಗಲಾ ಅಡಿಗಿಮನೀದು.

ಆ ಬಾಗಲಕ್ಕೂ ಒಂದು ಇತಿಹಾಸ ಅದ. ಜಪಾನಿನ ಹೈಸ್ಕೂಲಿನ್ಯಾಗ 1973ರಿಂದ ಗೃಹವಿಜ್ಞಾನ ಹುಡುಗ್ಯಾರಿಗೆ ಅಷ್ಟ ಕಡ್ಡಾಯ ಇತ್ತು. ಹೆಣ್ಣಮಕ್ಕಳು, ಕೆಲವು ಶಿಕ್ಷಕರು ಅದರ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ರು. 1993ರಿಂದ ಮಾಧ್ಯಮಿಕ ಶಾಲಿಯೊಳಗ, 1994ರಿಂದ ಹೈಸ್ಕೂಲಿನೊಳಗ ಗಂಡು-ಹೆಣ್ಣು ಇಬ್ಬರಿಗೂ ಒಂದ ಪಾಠ ಆತು. ಮಾತಿನೊಳಗೂ ನೋಡ್ರಿ: 'ಶುಫು' ಅಂದ್ರ ಗೃಹಿಣಿ. ಅದ ಉಚ್ಚಾರಕ್ಕ ಬ್ಯಾರೆ ಅಕ್ಷರ ಬರದ್ರ ಮನಿ ನಡಸೋ ಗಂಡಸು.

ಆದ್ರ ಒಂದು ಮಾತು ಮನಸಿನ್ಯಾಗ ಚುಚ್ಚತದ. ತಾತ್ಸು ಅರಿವಿ ಕಲಿ ತಗದ್ರ ಜಗತ್ತೆಲ್ಲಾ ನಗತದ, ಚಪ್ಪಾಳಿ ಹೊಡೀತದ. ನಮ್ಮ ಅವ್ವ ಅದ ಕಲಿ ಐವತ್ತು ವರ್ಷ ತಗದ್ಲು, ಯಾರೂ ಕಣ್ಣೆತ್ತಿ ನೋಡಲಿಲ್ಲ. ಹಂಗಂತ ತಾತ್ಸು ಮ್ಯಾಲೆ ನನಗ ಸಿಟ್ಟಿಲ್ಲ. ಅಂವ ಈ ಕೆಲಸಾನ ಸಣ್ಣದಂತ ಎಂದೂ ಅಂದುಕೊಳ್ಳೂದಿಲ್ಲ, ಪ್ರಾಣಕ್ಕ ಪ್ರಾಣ ಕೊಟ್ಟು ಮಾಡತಾನ. ನಾವು ದಿನಾ ಮಾಡೂದೂ ಹಂಗ ಅಲ್ಲೇನ್ರಿ? ನಮಗ ಕರಿ ಕನ್ನಡಕ ಇಲ್ಲ, ಅಷ್ಟ.