ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್: ಸೇವಾನಿರತ ದಾದಿಯರ ಪದವಿ ವ್ಯಾಸಂಗ

ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ ಪಡೆದು, ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರನ್ನು ನೋಂದಾಯಿಸಿಕೊಂಡು, ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುತ್ತಿರುವ ದಾದಿಯರು ತಮ್ಮ ಶಿಕ್ಷಣವನ್ನು ವಿಶ್ವವಿದ್ಯಾನಿಲಯದ ಪದವಿಯವರೆಗೆ ಮುಂದುವರಿಸಿ ಪೂರ್ಣಗೊಳಿಸಿಕೊಳ್ಳಲೆಂದು ಭಾರತದಲ್ಲಿ ಏರ್ಪಟ್ಟಿರುವ ವ್ಯಾಸಂಗಕ್ರಮ. ಕಾಲೇಜಿಗೆ ನಿತ್ಯವೂ ಹೋಗಿ ಕಲಿಯುವವರಿಗೆ ಇದರ ಅವಧಿ ಎರಡು ವರ್ಷ. ಉದ್ಯೋಗದಲ್ಲಿದ್ದುಕೊಂಡೇ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಕಲಿಯುವವರಿಗೆ ಕನಿಷ್ಠ ಮೂರು ವರ್ಷ. ಹಿಂದೆ ಇದಕ್ಕೆ ಪೋಸ್ಟ್ ಸರ್ಟಿಫಿಕೇಟ್ ಬಿ.ಎಸ್ಸಿ. ಎಂಬ ಹೆಸರು ರೂಢಿಯಲ್ಲಿತ್ತು. ಪಿ.ಯು.ಸಿ. ಮುಗಿಸಿದ ವಿದ್ಯಾರ್ಥಿಗಳು ನೇರವಾಗಿ ಸೇರುವ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಪದವಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೇನೆಂದರೆ, ಇಲ್ಲಿಗೆ ಬರುವ ವಿದ್ಯಾರ್ಥಿಯು ರೋಗಿಯ ಹಾಸಿಗೆಯ ಬಳಿ ನಿಂತು ಪಡೆದ ಅನುಭವವನ್ನು ಮೊದಲೇ ಕೈಯಲ್ಲಿ ಹಿಡಿದು ಬಂದಿರುತ್ತಾನೆ ಅಥವಾ ಬಂದಿರುತ್ತಾಳೆ.

ಹಿನ್ನೆಲೆ

ಭಾರತದಲ್ಲಿ ಶುಶ್ರೂಷಾ ಶಿಕ್ಷಣವು ಬಹುಕಾಲ ಆಸ್ಪತ್ರೆಗಳ ಒಂದು ಅಂಗವಾಗಿಯೇ ಬೆಳೆಯಿತು. ವಿದ್ಯಾರ್ಥಿನಿಯು ವಾರ್ಡಿನಲ್ಲಿ ದುಡಿಯುತ್ತ, ಆ ದುಡಿಮೆಯ ನಡುವೆ ದೊರೆತಷ್ಟು ಪಾಠವನ್ನು ಕೇಳಿಕೊಂಡು, ಕಡೆಗೊಂದು ಸರ್ಟಿಫಿಕೇಟನ್ನು ಪಡೆಯುವುದು ಅಂದಿನ ಪದ್ಧತಿ; ವಿಶ್ವವಿದ್ಯಾನಿಲಯದ ವಿದ್ಯೆಗೂ ಈ ಕಲಿಕೆಗೂ ಸಂಬಂಧವಿರಲಿಲ್ಲ. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕಗೊಂಡು 1946ರಲ್ಲಿ ವರದಿಯನ್ನೊಪ್ಪಿಸಿದ ಆರೋಗ್ಯ ಸಮೀಕ್ಷಾ ಸಮಿತಿಯು ಬ್ರಿಟಿಷ್ ಇಂಡಿಯಾದಲ್ಲಿ ಆಗ ಇದ್ದ ದಾದಿಯರ ಸಂಖ್ಯೆ ಸುಮಾರು 7,000 ಎಂದೂ, ಈ ಲೆಕ್ಕದಲ್ಲಿ 43,000 ಜನಕ್ಕೆ ಒಬ್ಬ ದಾದಿ ಮಾತ್ರ ದೊರೆಯುವಳೆಂದೂ ತೋರಿಸಿಕೊಟ್ಟಿತು. ಅದೇ 1946ರಲ್ಲಿ ದೆಹಲಿಯಲ್ಲಿಯೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿಯೂ ನರ್ಸಿಂಗ್ ಪದವಿ ವ್ಯಾಸಂಗವು ಪ್ರಾರಂಭವಾಯಿತು. ದೆಹಲಿಯ ಆ ಕಾಲೇಜಿಗೆ ಮುಂದೆ ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆಯಾಗಿದ್ದ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರನ್ನಿಡಲಾಯಿತು. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯಿದೆಯು ದೇಶಾದ್ಯಂತ ಈ ಶಿಕ್ಷಣಕ್ಕೆ ಏಕರೂಪವಾದ ಮಾನದಂಡವನ್ನು ವಿಧಿಸುವ ಅಧಿಕಾರವನ್ನು ಕೌನ್ಸಿಲಿಗೆ ಕೊಟ್ಟಿತು.

ಆದರೆ ಹೊಸದಾಗಿ ತೆರೆದ ಈ ಬಾಗಿಲು ಶಾಲೆಯನ್ನು ಆಗತಾನೆ ಮುಗಿಸಿದ ಹುಡುಗಿಯರಿಗೆ ಮಾತ್ರ ಅನುಕೂಲವಾಗಿತ್ತು. ಆ ವೇಳೆಗಾಗಲೇ ಆಸ್ಪತ್ರೆಗಳ ಭಾರವನ್ನೆಲ್ಲ ಹೊತ್ತಿದ್ದ ಡಿಪ್ಲೊಮಾ ದಾದಿಯರು ಅದರ ಹೊರಗೇ ಉಳಿದರು. ಈ ಕೊರತೆಯನ್ನು ತುಂಬಲೆಂದು 1960ರ ದಶಕದ ಆರಂಭದಲ್ಲಿ ತಿರುವನಂತಪುರದಲ್ಲಿ, ಸೇವೆಯ ಅನುಭವವುಳ್ಳ ದಾದಿಯರಿಗಾಗಿಯೇ ಎರಡು ವರ್ಷಗಳ ಪದವಿ ವ್ಯಾಸಂಗವೊಂದು ಆರಂಭವಾಗಿ, ಕ್ರಮೇಣ ಬೇರೆ ವಿಶ್ವವಿದ್ಯಾನಿಲಯಗಳಿಗೂ ಹರಡಿತು. 1980ರ ದಶಕದ ಕೊನೆಯಲ್ಲಿ ಸರೋಜಿನಿ ವರದಪ್ಪನ್ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು ದಾದಿಯರ ವೃತ್ತಿಶಿಕ್ಷಣವು ಪದವಿಯ ಮಟ್ಟದಲ್ಲಿರಬೇಕೆಂದು ಶಿಫಾರಸು ಮಾಡಿದಾಗಲೂ, ಈಗಾಗಲೇ ಡಿಪ್ಲೊಮಾ ಪಡೆದಿರುವವರ ಉನ್ನತ ವ್ಯಾಸಂಗಕ್ಕೆ ದಾರಿಯಾಗಿ ಈ ಕ್ರಮವನ್ನು ಮುಂದುವರಿಸಬೇಕೆಂದು ಸ್ಪಷ್ಟವಾಗಿ ಹೇಳಿತು. ಅದಕ್ಕೆ ಕೆಲವೇ ವರ್ಷಗಳ ಬಳಿಕ, 1994ರಲ್ಲಿ, ಮುಕ್ತ ವಿಶ್ವವಿದ್ಯಾನಿಲಯವು ಇದೇ ಪದವಿಯನ್ನು ದೂರಶಿಕ್ಷಣದ ಮೂಲಕ ಕೊಡಲು ಮುಂದಾಯಿತು.

ಪ್ರವೇಶ

ಎರಡು ವರ್ಷಗಳ ಕಾಲೇಜು ವ್ಯಾಸಂಗವನ್ನು ಸೇರಬಯಸುವವರು ಪಿ.ಯು.ಸಿ. ಅಥವಾ ತತ್ಸಮಾನ ಪರೀಕ್ಷೆಯಲ್ಲಿಯೂ ಜನರಲ್ ನರ್ಸಿಂಗ್ ಪರೀಕ್ಷೆಯಲ್ಲಿಯೂ ಉತ್ತೀರ್ಣರಾಗಿ, ನರ್ಸ್ ಹಾಗೂ ಸೂಲಗಿತ್ತಿ ಎಂಬ ಎರಡು ನೋಂದಣಿಗಳನ್ನೂ ಪಡೆದಿರತಕ್ಕದ್ದು. ಸೂಲಗಿತ್ತಿಯ ತರಬೇತಿಯನ್ನು ಪಡೆಯದ ಪುರುಷ ಶುಶ್ರೂಷಕರು ಅದಕ್ಕೆ ಪ್ರತಿಯಾಗಿ ಕೌನ್ಸಿಲ್ ಗೊತ್ತುಮಾಡಿದ ಬೇರೊಂದು ವಿಶೇಷ ತರಬೇತಿಯನ್ನು ಮುಗಿಸಿರಬೇಕು. ಮುಕ್ತ ವಿಶ್ವವಿದ್ಯಾನಿಲಯದ ಕ್ರಮದಲ್ಲಿ ಸೇವೆಯಲ್ಲಿರುವುದೇ ಮೊದಲ ಅರ್ಹತೆ: ಪಿ.ಯು.ಸಿ.ಯ ಬಳಿಕ ಡಿಪ್ಲೊಮಾ ಪಡೆದವರಿಗೆ ಎರಡು ವರ್ಷಗಳ, ಕೇವಲ ಹತ್ತನೆಯ ತರಗತಿಯ ಬಳಿಕ ಡಿಪ್ಲೊಮಾ ಪಡೆದ ಹಿರಿಯ ತಲೆಮಾರಿನವರಿಗೆ ಐದು ವರ್ಷಗಳ ಅನುಭವ ಬೇಕೆಂದು ನಿಯಮ. ಬಡತನದಿಂದಲೋ ಮನೆಯ ಜವಾಬ್ದಾರಿಯಿಂದಲೋ ಬೇಗನೆ ಶಾಲೆ ಬಿಟ್ಟು ಆಸ್ಪತ್ರೆ ಸೇರಿದವರಿಗೆ ಅವರ ಸೇವಾವರ್ಷಗಳನ್ನೇ ವಿದ್ಯಾರ್ಹತೆಯ ಪಾಲಾಗಿ ಎಣಿಸುವ ಈ ಔದಾರ್ಯವು ಈ ವ್ಯವಸ್ಥೆಯ ಶ್ರೇಷ್ಠ ಗುಣಗಳಲ್ಲೊಂದು. ಮುಕ್ತ ವಿಶ್ವವಿದ್ಯಾನಿಲಯದ ಪ್ರವೇಶಕ್ಕೆ ರಾಷ್ಟ್ರಮಟ್ಟದ ಪರೀಕ್ಷೆಯೊಂದನ್ನು ಬರೆಯಬೇಕಾಗುವುದು.

ಪಠ್ಯಕ್ರಮ

ಕೌನ್ಸಿಲಿನ ಪಠ್ಯಕ್ರಮದ ಪ್ರಕಾರ ಮೊದಲನೆಯ ವರ್ಷದಲ್ಲಿ ಶುಶ್ರೂಷೆಯ ಮೂಲತತ್ತ್ವಗಳು, ಪೌಷ್ಟಿಕತೆ ಮತ್ತು ಪಥ್ಯಾಹಾರ, ಜೀವರಸಾಯನ ಮತ್ತು ಜೀವಭೌತ ಶಾಸ್ತ್ರಗಳು, ಮನಶ್ಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಬಾಣಂತಿಯರ ಮತ್ತು ಮಕ್ಕಳ ಶುಶ್ರೂಷೆ, ವೈದ್ಯಕೀಯ ಹಾಗೂ ಶಸ್ತ್ರಚಿಕಿತ್ಸಾ ಶುಶ್ರೂಷೆ, ಇಂಗ್ಲಿಷ್ ಭಾಷೆ ಇವುಗಳ ಅಧ್ಯಯನವಿರುವುದು. ಎರಡನೆಯ ವರ್ಷದಲ್ಲಿ ಸಮಾಜಶಾಸ್ತ್ರ, ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ ಇವುಗಳ ಜೊತೆಗೆ ಶುಶ್ರೂಷಾ ಬೋಧನೆ, ಶುಶ್ರೂಷಾ ಆಡಳಿತ, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಎಂಬ ಮೂರು ಹೊಸ ವಿಷಯಗಳು ಸೇರುತ್ತವೆ. ಡಿಪ್ಲೊಮಾ ಓದಿದವರಿಗೆ ಮೊದಲಿನವುಗಳಲ್ಲಿ ಹಲವು ಪರಿಚಿತವೇ. ಕಡೆಯ ಮೂರು ಮಾತ್ರ ಅವರನ್ನು ಬೇರೊಂದು ಕ್ಷೇತ್ರಕ್ಕೆ ಕರೆದೊಯ್ಯುವಂಥವು. ಹೇಳಿದ್ದನ್ನು ಮಾಡುವ ಸ್ಥಾನದಿಂದ, ಕಲಿಸುವ, ನಡೆಸುವ, ಪ್ರಶ್ನಿಸಿ ಪರೀಕ್ಷಿಸುವ ಸ್ಥಾನಕ್ಕೆ ದಾದಿಯನ್ನು ಏರಿಸುವುದೇ ಈ ಪದವಿಯ ಉದ್ದೇಶವೆಂಬುದು ಇದರಿಂದ ವಿದಿತವಾಗುತ್ತದೆ.

ಈ ವ್ಯತ್ಯಾಸವು ಪುಸ್ತಕದಲ್ಲಿಗಿಂತ ವಾರ್ಡಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುವುದು. ಮಧುಮೇಹದಿಂದಾಗಿ ಕಾಲಿನ ಗಾಯ ಮಾಯದೆ ಬಂದು ಮಲಗಿರುವ ರೋಗಿಯೊಬ್ಬನಿಗೆ ಡ್ರೆಸ್ಸಿಂಗ್ ಮಾಡುವುದು, ಸಕ್ಕರೆಯ ಪ್ರಮಾಣವನ್ನು ನೋಡಿ ಬರೆದಿಡುವುದು, ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಕೊಡುವುದು ಸೇವಾನಿರತ ದಾದಿಗೆ ನಿತ್ಯದ ಕಾರ್ಯ. ಪದವಿಯ ವಿದ್ಯಾರ್ಥಿನಿಯಾಗಿ ಅವಳು ಅದೇ ರೋಗಿಯನ್ನು ಕುರಿತು ಕೇಸ್ ಸ್ಟಡಿ ಬರೆಯಲು ಕುಳಿತಾಗ, ಅವನ ಪಾದಗಳಲ್ಲಿ ಸ್ಪರ್ಶಜ್ಞಾನ ಎಷ್ಟು ಉಳಿದಿದೆ, ಅವನು ಮನೆಯಲ್ಲಿ ಏನನ್ನು ಉಣ್ಣುತ್ತಾನೆ, ಚಪ್ಪಲಿ ಹಾಕುವ ಅಭ್ಯಾಸವುಂಟೆ, ಊರಿಗೆ ಮರಳಿದ ಮೇಲೆ ಗಾಯವನ್ನು ನೋಡಿಕೊಳ್ಳುವವರು ಯಾರು ಎಂಬುದನ್ನೆಲ್ಲ ವಿಚಾರಿಸಿ, ಸಮಸ್ಯೆಗಳನ್ನು ಕ್ರಮವಾಗಿ ಗುರುತಿಸಿ, ಆರೈಕೆಯ ಯೋಜನೆಯನ್ನು ಹಾಕಿ, ಅದನ್ನು ನಡೆಸಿ, ಫಲವೇನಾಯಿತೆಂದು ತೂಗಿ ನೋಡಬೇಕಾಗುತ್ತದೆ. ಕೈಗೆ ಅಭ್ಯಾಸವಾಗಿದ್ದ ಕೆಲಸಕ್ಕೆ ಕಾರಣವೂ ಉದ್ದೇಶವೂ ಈಗ ಅವಳ ಮಾತಿನಲ್ಲಿಯೇ ಒದಗಿಬರುತ್ತವೆ.

ದೂರಶಿಕ್ಷಣದ ವಿಧಾನ

ಇಗ್ನೋ ಎಂದು ಪ್ರಸಿದ್ಧವಾದ ಮುಕ್ತ ವಿಶ್ವವಿದ್ಯಾನಿಲಯವು 1985ರ ಸಂಸತ್ತಿನ ಕಾಯಿದೆಯಿಂದ ಸ್ಥಾಪಿತವಾದದ್ದು. ಸ್ವಂತವಾಗಿ ಓದಿಕೊಳ್ಳಲು ಸಿದ್ಧಪಡಿಸಿದ ಪಾಠದ ಹೊತ್ತಗೆಗಳು, ಮನೆಯಲ್ಲಿ ಕುಳಿತು ಬರೆದು ಕಳುಹಿಸುವ ಅಸೈನ್‌ಮೆಂಟುಗಳು, ಅಧ್ಯಯನ ಕೇಂದ್ರದಲ್ಲಿ ನಡೆಯುವ ಸಂಪರ್ಕ ತರಗತಿಗಳು, ಕಡೆಗೆ ಪರೀಕ್ಷೆ — ಇವು ಅದರ ಸಾಮಾನ್ಯ ವಿಧಾನ. ಇಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ ಮೂವತ್ತು ಗಂಟೆಗಳ ಅಧ್ಯಯನ. ಶುಶ್ರೂಷೆಯಾದರೋ ಕೇವಲ ಓದಿನಿಂದ ಕೈವಶವಾಗುವ ವಿದ್ಯೆಯಲ್ಲವಾದ್ದರಿಂದ, ಅಧ್ಯಯನ ಕೇಂದ್ರಗಳನ್ನು ನರ್ಸಿಂಗ್ ಕಾಲೇಜುಗಳಲ್ಲಿಯೇ ಸ್ಥಾಪಿಸಿ, ಪ್ರಾಯೋಗಿಕ ತರಗತಿಗಳಿಗೆ ಹಾಜರಿಯನ್ನು ಕಡ್ಡಾಯಗೊಳಿಸಿ, ಮಾಡಿದ ಪ್ರತಿಯೊಂದು ಕಾರ್ಯವನ್ನೂ ಲಾಗ್ ಬುಕ್ಕಿನಲ್ಲಿ ಬರೆದು ಮೇಲ್ವಿಚಾರಕರ ಸಹಿ ಪಡೆಯುವಂತೆ ಏರ್ಪಡಿಸಲಾಗಿದೆ. ಬೋಧನೆಯ ಮಾಧ್ಯಮ ಇಂಗ್ಲಿಷ್. ಕನ್ನಡದಲ್ಲಿಯೋ ಹಿಂದಿಯಲ್ಲಿಯೋ ಶಾಲೆಯನ್ನು ಮುಗಿಸಿದವರಿಗೆ ಇದೊಂದು ತೊಡಕೇ ಸರಿ.

ಮುನಿರ್ಕಾ ಮತ್ತು ದಕ್ಷಿಣ ದೆಹಲಿ

ಸೇವೆಯೂ ವ್ಯಾಸಂಗವೂ ಒಂದೇ ಬದುಕಿನಲ್ಲಿ ಹೇಗೆ ಕೂಡಿಬರುತ್ತವೆ ಎಂಬುದನ್ನು ಅರಿಯಲು ದಕ್ಷಿಣ ದೆಹಲಿಯ ಮುನಿರ್ಕಾ ಉಚಿತವಾದ ಸ್ಥಳ. ಹೊರವರ್ತುಲ ರಸ್ತೆಯ ಬದಿಗಿರುವ ಈ ಹಳೆಯ ಜಾಟ ಗ್ರಾಮವನ್ನು ನಗರವು ಸುತ್ತುವರಿದ ಮೇಲೆ, ಒಂದು ಪಕ್ಕದಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರದ ವಸತಿಗಳೂ ಮತ್ತೊಂದು ಪಕ್ಕದಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯವೂ ಎದ್ದವು. ಗ್ರಾಮದ ಇಕ್ಕಟ್ಟಾದ ಗಲ್ಲಿಗಳಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಬಾಡಿಗೆಯ ಕೋಣೆಗಳು ಬೆಳೆದವು. ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಬೇರೆ ಬೇರೆ ಪ್ರಾಂತಗಳಿಂದಲೂ ಬಂದ ಉದ್ಯೋಗಸ್ಥರಿಗೂ ವಿದ್ಯಾರ್ಥಿಗಳಿಗೂ ಇದು ಆಶ್ರಯವಾಗಿದೆ. ರಾಮಕೃಷ್ಣಪುರದ ರಾವ್ ತುಲಾರಾಮ್ ಮಾರ್ಗದಲ್ಲಿರುವ ದೆಹಲಿ ಕರ್ನಾಟಕ ಸಂಘವು ಇಲ್ಲಿಂದ ಅನತಿದೂರದಲ್ಲಿರುವುದರಿಂದ ರಾಜಧಾನಿಯ ಕನ್ನಡಿಗರಿಗೂ ಈ ಭಾಗವು ಸುಪರಿಚಿತವಾದದ್ದು.

ಮುನಿರ್ಕಾದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿ, ರಸ್ತೆಯ ಆಚೆ ಈಚೆ ಎದುರುಬದುರಾಗಿ, 1956ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕನ್ ಸೈನಿಕರ ಆಸ್ಪತ್ರೆಯಾಗಿ ಹುಟ್ಟಿದ ಸಫ್ದರ್‌ಜಂಗ್ ಆಸ್ಪತ್ರೆಯೂ ಇವೆ. ದಕ್ಷಿಣಕ್ಕೆ ಮೈದಾನ್ ಗಢಿಯಲ್ಲಿ ಇಗ್ನೋ ಕೇಂದ್ರಸ್ಥಾನವಿದೆ. ಮುನಿರ್ಕಾದಲ್ಲಿಯೇ ಬಾಬಾ ಗಂಗನಾಥ ಮಾರ್ಗದಲ್ಲಿರುವ ರಾಷ್ಟ್ರೀಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆಯು, 1977ರಲ್ಲಿ ಎರಡು ಹಳೆಯ ಸಂಸ್ಥೆಗಳು ಕೂಡಿ ರೂಪುಗೊಂಡದ್ದು. ನರ್ಸಿಂಗ್ ಪದವಿಯನ್ನು ಅದು ಕೊಡತಕ್ಕದ್ದಲ್ಲವಾದರೂ, ಆಸ್ಪತ್ರೆಯ ಹಾಗೂ ಆರೋಗ್ಯ ಕಾರ್ಯಕ್ರಮಗಳ ನಿರ್ವಹಣೆಯಲ್ಲಿ ಸೇವಾನಿರತರಿಗೆ ದೂರಶಿಕ್ಷಣದ ತರಬೇತಿಯನ್ನು ನೀಡುತ್ತ ಬಂದಿದೆ.

ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ಹನ್ನೆರಡು ಗಂಟೆಗಳವರೆಗೂ ಹಬ್ಬುವ ನೈಟ್ ಡ್ಯೂಟಿ — ಈ ಚಕ್ರದಲ್ಲಿ ಸುತ್ತುವ ಇಲ್ಲಿನ ಸ್ಟಾಫ್ ನರ್ಸ್ ಒಬ್ಬಳಿಗೆ ಓದಿನ ಕಾಲವೆಂಬುದು ತಾನಾಗಿ ಒದಗುವುದಿಲ್ಲ. ರಾತ್ರಿಯೆಲ್ಲ ಎಚ್ಚರವಿದ್ದು, ಬೆಳಿಗ್ಗೆ ಚಾರ್ಜ್ ಒಪ್ಪಿಸಿ, ಬಸ್ಸಿನಲ್ಲಿ ಕೋಣೆಗೆ ಮರಳಿ, ಎರಡು ಗಂಟೆ ನಿದ್ರಿಸಿ ಸಂಪರ್ಕ ತರಗತಿಗೆ ಹೊರಡುವವರು ಉಂಟು. ಜೊತೆಯವಳೊಡನೆ ಡ್ಯೂಟಿ ಬದಲಾಯಿಸಿಕೊಂಡು, ವಾರದ ರಜೆಯನ್ನೆಲ್ಲ ಕೂಡಿಟ್ಟು ಪರೀಕ್ಷೆಗೆ ಬಳಸುವವರು ಉಂಟು. ಬೇರೆ ರಾಜ್ಯದಲ್ಲಿ ನೋಂದಣಿ ಪಡೆದು ಬಂದವರು ದೆಹಲಿ ನರ್ಸಿಂಗ್ ಕೌನ್ಸಿಲಿನಲ್ಲಿಯೂ ಹೆಸರನ್ನು ದಾಖಲಿಸಿಕೊಳ್ಳಬೇಕಾಗುವುದು. ಅನುಭವದ ಪ್ರಮಾಣಪತ್ರ, ಆಸ್ಪತ್ರೆಯ ನಿರಾಕ್ಷೇಪಣಾ ಪತ್ರ, ಇವುಗಳಿಗಾಗಿ ನಡೆಯುವ ಓಡಾಟವೂ ವ್ಯಾಸಂಗದ ಶ್ರಮಕ್ಕೆ ಸೇರತಕ್ಕದ್ದೇ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ನರ್ಸಿಂಗ್ ಪದವಿಗಳು 1996ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಅಧೀನಕ್ಕೆ ಬಂದವು. ಅದಕ್ಕೆ ಮುಂಚೆ ಆಯಾ ಪ್ರದೇಶದ ಸಾಮಾನ್ಯ ವಿಶ್ವವಿದ್ಯಾನಿಲಯಗಳೇ ಅವುಗಳನ್ನು ನೋಡಿಕೊಳ್ಳುತ್ತಿದ್ದವು. ಈ ವಿಶ್ವವಿದ್ಯಾನಿಲಯಕ್ಕೆ ಸಂಲಗ್ನವಾದ ಅನೇಕ ಕಾಲೇಜುಗಳಲ್ಲಿ ಎರಡು ವರ್ಷಗಳ ಪೋಸ್ಟ್ ಬೇಸಿಕ್ ವ್ಯಾಸಂಗವು ನಡೆಯುತ್ತಿದ್ದು, ಕೇರಳವೇ ಮೊದಲಾದ ಹೊರರಾಜ್ಯಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಕಾಲೇಜುಗಳ ಸಂಖ್ಯೆ ಹೆಚ್ಚಿದಷ್ಟೂ, ಸೇರುವ ಮುನ್ನ ಕೌನ್ಸಿಲಿನ ಮಾನ್ಯತೆಯನ್ನೂ, ಪ್ರಾಯೋಗಿಕ ತರಬೇತಿಗೆ ತಕ್ಕ ಆಸ್ಪತ್ರೆಯಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳುವ ಅಗತ್ಯವೂ ಹೆಚ್ಚಿದೆ.

ಪದವಿಯ ಫಲ

ಪದವಿ ಪಡೆದವರಿಗೆ ನರ್ಸಿಂಗ್ ಶಾಲೆಗಳಲ್ಲಿ ಟ್ಯೂಟರ್ ಆಗುವ ಅರ್ಹತೆಯೂ ಎಂ.ಎಸ್ಸಿ. ನರ್ಸಿಂಗಿಗೆ ಸೇರುವ ಹಕ್ಕೂ ಬರುವುದು. ಅಖಿಲ ಭಾರತ ವೈದ್ಯಕೀಯ ಸಂಸ್ಥೆಗಳ ನರ್ಸಿಂಗ್ ಆಫೀಸರ್ ಹುದ್ದೆಗಳಿಗಾಗಿ ನಡೆಯುವ ಸಾಮಾನ್ಯ ಪರೀಕ್ಷೆಗೆ ಕುಳಿತುಕೊಳ್ಳಲು ಡಿಪ್ಲೊಮಾದವರಿಗೆ ಕನಿಷ್ಠ ಐವತ್ತು ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷಗಳ ಅನುಭವ ಬೇಕು; ಪದವೀಧರರಿಗೆ ಆ ನಿರ್ಬಂಧವಿಲ್ಲ. ವಿದೇಶಗಳ ಉದ್ಯೋಗಕ್ಕೂ ಪದವಿಯು ಸಹಾಯಕ.

ಇತರ ದೇಶಗಳಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೋಂದಾಯಿತ ದಾದಿಯರಿಗೆ ಇದೇ ಬಗೆಯ ಸೇತುವ್ಯಾಸಂಗಗಳು ಅಸಂಖ್ಯಾತವಾಗಿದ್ದು, ಬಹುಮಟ್ಟಿಗೆ ಅಂತರ್ಜಾಲದ ಮೂಲಕವೇ ನಡೆಯುತ್ತವೆ. 2003ರಲ್ಲಿ ಲಿಂಡಾ ಐಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯದ 168 ಆಸ್ಪತ್ರೆಗಳನ್ನು ಪರಿಶೀಲಿಸಿ, ಪದವೀಧರ ದಾದಿಯರ ಪ್ರಮಾಣವು ಶೇಕಡಾ 10ರಷ್ಟು ಹೆಚ್ಚಿದಲ್ಲಿ ಶಸ್ತ್ರಚಿಕಿತ್ಸೆಯ ರೋಗಿಗಳು 30 ದಿನಗಳೊಳಗೆ ಮರಣ ಹೊಂದುವ ಸಂಭವವು ಶೇಕಡಾ 5ರಷ್ಟು ಕಡಿಮೆಯಿರುವುದನ್ನು ಪ್ರಕಟಿಸಿದರು. 2010ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆಯು 2020ರ ವೇಳೆಗೆ ದಾದಿಯರಲ್ಲಿ ಶೇಕಡಾ 80 ಮಂದಿ ಪದವೀಧರರಾಗಬೇಕೆಂದು ಶಿಫಾರಸು ಮಾಡಿತು. 2017ರಲ್ಲಿ ನ್ಯೂಯಾರ್ಕ್ ರಾಜ್ಯವು ಹೊಸದಾಗಿ ನೋಂದಣಿಯಾಗುವ ದಾದಿಯರು ಹತ್ತು ವರ್ಷಗಳೊಳಗೆ ಪದವಿಯನ್ನು ಪಡೆಯಬೇಕೆಂದು ಕಾನೂನನ್ನೇ ಮಾಡಿತು.

ಸಾಧಕ ಬಾಧಕಗಳು

ಈ ವ್ಯವಸ್ಥೆಯ ದೌರ್ಬಲ್ಯವು ಅದರ ಪಠ್ಯಕ್ರಮದಲ್ಲಿಲ್ಲ. ಅದನ್ನು ನಡೆಸುವ ರೀತಿಯಲ್ಲಿದೆ. ಪ್ರಾಯೋಗಿಕ ಗಂಟೆಗಳು ಕಾಗದದ ಮೇಲೆ ಮಾತ್ರ ತುಂಬಿದಲ್ಲಿ ಪದವಿಯು ಸಂಬಳದ ಪಟ್ಟಿಯ ಒಂದು ಅಕ್ಷರವಾಗಿ ಉಳಿಯುವುದಲ್ಲದೆ ರೋಗಿಗೆ ಅದರಿಂದ ಪ್ರಯೋಜನವಾಗದು. ಆಸ್ಪತ್ರೆಗಳಲ್ಲಿ ಸಿಬ್ಬಂದಿಯ ಕೊರತೆಯಿರುವಾಗ ಓದುವ ದಾದಿಗೆ ರಜೆ ಕೊಡುವುದು ಕಷ್ಟವೆಂಬುದು ನಿಜ. ಆದರೆ ಓದಿನ ಹೊರೆಯನ್ನೆಲ್ಲ ಅವಳ ನಿದ್ರೆಯ ಮೇಲೆ ಹೇರುವುದು ನ್ಯಾಯವೂ ಅಲ್ಲ, ಮರುದಿನ ಅವಳ ಕೈಯಿಂದ ಔಷಧಿ ಪಡೆಯುವ ರೋಗಿಗೆ ಕ್ಷೇಮವೂ ಅಲ್ಲ. ಸರ್ಕಾರಿ ಸೇವೆಯಲ್ಲಿ ವೇತನಸಹಿತ ನಿಯೋಜನೆಗೆ ಅವಕಾಶವಿರುವಲ್ಲಿ ಈ ಕ್ಲೇಶವು ಬಹುಪಾಲು ನೀಗುವುದು. ಖಾಸಗಿ ಆಸ್ಪತ್ರೆಯ ದಾದಿಯರಿಗೆ ಅಂಥ ಆಸರೆ ಅಪರೂಪ.

1947ರ ಕಾಯಿದೆಯ ಸ್ಥಾನದಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗವನ್ನು ಪ್ರತಿಷ್ಠಾಪಿಸುವ ಕಾಯಿದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಡಿಪ್ಲೊಮಾ ಶಿಕ್ಷಣವು ಮುಂದೊಂದು ದಿನ ಪದವಿಯಲ್ಲಿ ಲೀನವಾದರೂ, ಈಗ ಸೇವೆಯಲ್ಲಿರುವ ಡಿಪ್ಲೊಮಾ ದಾದಿಯರು ಇನ್ನೂ ಹಲವು ವರ್ಷಗಳ ಕಾಲ ಆಸ್ಪತ್ರೆಗಳನ್ನು ನಡೆಸಬೇಕಾದವರು. ಅವರಿಗಾಗಿ ಈ ದಾರಿಯು ತೆರೆದೇ ಇರಬೇಕು. ಡ್ಯೂಟಿ ರೋಸ್ಟರಿನಲ್ಲಿ ಓದಿನ ಗಂಟೆಗಳಿಗೂ ಒಂದು ಅಂಕಣವನ್ನು ಕಾದಿರಿಸುವುದು, ವೇತನಸಹಿತ ವ್ಯಾಸಂಗ ರಜೆಯನ್ನು ಖಾಸಗಿ ಆಸ್ಪತ್ರೆಗಳಿಗೂ ವಿಸ್ತರಿಸುವುದು, ಪ್ರಾಯೋಗಿಕ ತರಬೇತಿಯನ್ನು ನಿಷ್ಠುರವಾಗಿ ಪರೀಕ್ಷಿಸುವುದು — ಈ ಮೂರು ಆಡಳಿತದವರ ಕರ್ತವ್ಯಗಳು. ವಿದ್ಯಾರ್ಜನೆಗೆ ಬೇಕಾದ ಛಲವನ್ನು ದಾದಿಯರು ಈಗಾಗಲೇ ತೋರಿಸಿಕೊಟ್ಟಿದ್ದಾರೆ.