ಮೂಗಿನ ಚೆಲುವಿನಿಂದ ಉಸಿರಿನ ಹಾದಿಗೆ

ಹಾಸನ ಜಿಲ್ಲೆಯ ಬಿಕ್ಕೋಡಿಗೆ ಹತ್ತಿರದ ಬೇಲೂರಿನಲ್ಲಿ ಮದನಿಕೆಯರ ಮೂಗನ್ನು ಬಳಪದ ಕಲ್ಲಿನಲ್ಲಿ ಕಡೆದ ಹೊಯ್ಸಳ ಶಿಲ್ಪಿಗೆ ಬೇಕಿದ್ದುದು ಹೊರಗಿನ ಚೆಲುವು. ವೈದ್ಯರ ಕಣ್ಣೂ ಬಹುಕಾಲ ಅಲ್ಲೇ ನೆಟ್ಟಿತ್ತು. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಕಡೆ ಎತ್ತು ಹೊಡೆಯುತ್ತಿದ್ದ ಕೊವಾಸ್ಜಿ 1792ರಲ್ಲಿ ಟಿಪ್ಪುವಿನ ಸೆರೆಯಾಗಿ ಮೂಗು ಕಳೆದುಕೊಂಡ. ಪುಣೆಯ ಬಳಿ ಅವನಿಗೆ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದರು. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಅದನ್ನು ವರದಿ ಮಾಡಿತು; 1814ರಲ್ಲಿ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಅಲ್ಲಿ ಅದೇ ಕ್ರಮ ಅನುಸರಿಸಿದ. ಅದು ನಿಜವಾಗಿಯೂ ದೊಡ್ಡ ಕೈಚಳಕ. ಆದರೆ ಆ ಮೂಗಿನೊಳಗೆ ಗಾಳಿ ಹೇಗೆ ಹರಿಯಿತೆಂದು ನೋಡುವ ದಾರಿ ಆಗ ಯಾರಿಗೂ ಇರಲಿಲ್ಲ.

ಹೊಳ್ಳೆಯೊಳಗಿನ ಸುರುಳಿ ಮೂಳೆಗಳು, ಅಂದರೆ ಟರ್ಬಿನೇಟ್‌ಗಳು, ಗಾಳಿಯನ್ನು ತೆಳುವಾಗಿ ಹರಡಿ ಬಿಸಿ, ತೇವ ಕೊಟ್ಟು ಒಳಕ್ಕೆ ಬಿಡುತ್ತವೆ. ಜಾಗ ಹೆಚ್ಚಿದಷ್ಟೂ ಉಸಿರು ಸಲೀಸೆಂದು ನಂಬಿ ಅವನ್ನು ಪೂರಾ ಕತ್ತರಿಸಿದ್ದೂ ಉಂಟು. ಕತ್ತರಿಸಿಕೊಂಡವರಲ್ಲಿ ಕೆಲವರು ಮೂಗು ಇನ್ನೂ ಕಟ್ಟಿದೆ ಎಂದು ಗೋಳಾಡಿದರು. 1994ರಲ್ಲಿ ಅದಕ್ಕೆ ‘ಖಾಲಿ ಮೂಗು’ ಎಂಬ ಹೆಸರೇ ಬಂತು. ಮರುವರ್ಷ ಅಮೆರಿಕದಲ್ಲಿ ಕೆಹಾನಿ ಮತ್ತು ಸಂಗಡಿಗರು ಸಿ.ಟಿ. ಸ್ಕ್ಯಾನ್‌ ಚಿತ್ರಗಳಿಂದ ಮೂಗಿನ ಒಂದು ಪಕ್ಕದ ಒಳರೂಪವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಅದರಲ್ಲಿ ಗಾಳಿ ಹರಿಸಿದರು. ಇಲ್ಲಿ ದುಡಿಯುವುದು ವಿಮಾನದ ರೆಕ್ಕೆಯ ಲೆಕ್ಕಕ್ಕೆ ಬಳಸುವ ನೇವಿಯರ್-ಸ್ಟೋಕ್ಸ್ ಸಮೀಕರಣಗಳೇ. ಅಂಥ ಹರಿವಿನ ಲೆಕ್ಕಕ್ಕೆಂದೇ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ 1986ರಲ್ಲಿ ಫ್ಲೋಸಾಲ್ವರ್ ಕಂಪ್ಯೂಟರ್ ಕಟ್ಟಿತ್ತು. ಮುಂದೆ ಇದೇ ಬಗೆಯಲ್ಲಿ ಕಟ್ಟಿದ ಖಾಲಿ ಮೂಗಿನ ಮಾದರಿಗಳಲ್ಲಿ ಕಂಡದ್ದು ಇದು: ಗಾಳಿ ಮಧ್ಯದ ಹಾದಿಯಲ್ಲೇ ನುಗ್ಗುತ್ತದೆ, ಕೆಳಗಿನ ಲೋಳೆಪೊರೆಯನ್ನು ಸರಿಯಾಗಿ ಸೋಕುವುದಿಲ್ಲ.

ಇಂಥ ಮಾದರಿಗಳಿಗೆ ಆಕ್ಷೇಪಗಳಿವೆ. ಎರಡು ಹೊಳ್ಳೆಗಳು ಕೆಲವು ಗಂಟೆಗಳಿಗೊಮ್ಮೆ ಸರದಿಯಂತೆ ಬಿಗಿಯುತ್ತವೆ, ಸಡಿಲಾಗುತ್ತವೆ ಎಂದು 1895ರಲ್ಲೇ ರಿಚರ್ಡ್ ಕೈಸರ್ ವಿವರಿಸಿದ್ದ. ಸ್ಕ್ಯಾನ್ ಹಿಡಿಯುವುದು ಒಂದು ಗಳಿಗೆಯನ್ನು ಮಾತ್ರ. ಈ ಮಿತಿಯನ್ನು ಒಪ್ಪಲೇಬೇಕು. ರೋಗಿಯ ಅನುಭವ ಲೆಕ್ಕಕ್ಕೆ ಸಿಗದು ಎಂಬ ಇನ್ನೊಂದು ಮಾತನ್ನು ಮಾತ್ರ ನಾನು ಒಪ್ಪಲಾರೆ. ನೆಗಡಿಯಲ್ಲಿ ಮೆಂಥಾಲ್ ಮುಲಾಮು ಮೂಸಿದರೆ ಮೂಗು ಬಿಟ್ಟಂತಾಗುತ್ತದೆ. ಆದರೆ ಹಾದಿ ಒಂದಿಷ್ಟೂ ಅಗಲವಾಗಿರುವುದಿಲ್ಲ. ಇದನ್ನು ರಾನ್ ಎಕ್ಲೆಸ್ 1983ರಲ್ಲೇ ತೋರಿಸಿದರು. ಉಸಿರು ಆಡುತ್ತಿದೆ ಎಂಬ ಭಾವ ಹುಟ್ಟುವುದು ಬಹುಮಟ್ಟಿಗೆ ಲೋಳೆಪೊರೆಗೆ ತಾಗುವ ತಂಪಿನಿಂದ. ಆ ತಂಪನ್ನು, ಅಂದರೆ ಪೊರೆ ಎಲ್ಲೆಲ್ಲಿ ಎಷ್ಟು ಶಾಖ ಬಿಟ್ಟುಕೊಡುತ್ತದೆ ಎಂಬುದನ್ನು, ಕಂಪ್ಯೂಟರ್ ಮಾದರಿ ಲೆಕ್ಕ ಹಾಕಬಲ್ಲದು. ಬರಿಗಣ್ಣಿಗೆ ಅದು ಕಾಣದು. ಹಾಗಾಗಿ ಕತ್ತರಿಸುವುದಕ್ಕಿಂತ ಕತ್ತರಿಸದೆ ಉಳಿಸುವುದಕ್ಕೇ ಈ ವಿದ್ಯೆ ಹೆಚ್ಚು ನೆರವಾಗಬೇಕು. ಮೂಗಿನ ಮೂಳೆ ಸೊಟ್ಟಗಿದೆ ಎಂದು ಕೇಳಿ ಹಾಸನಕ್ಕೋ ಬೆಂಗಳೂರಿಗೋ ಹೊರಟ ಬಿಕ್ಕೋಡಿನವರು ಒಪ್ಪಿಗೆಗೆ ಸಹಿ ಹಾಕುವ ಮುನ್ನ ವೈದ್ಯರನ್ನು ಇಷ್ಟು ಕೇಳಲಿ: ಟರ್ಬಿನೇಟಿಗೂ ಕತ್ತರಿ ಹಾಕುವುದಾದರೆ ಅದರಲ್ಲಿ ಎಷ್ಟು ತೆಗೆಯುತ್ತೀರಿ, ಎಷ್ಟು ಉಳಿಸುತ್ತೀರಿ?